ಕಟ್ ಆಗದಿದ್ದ ಕರೆ

ಹಡಗಿನ ಲಾಂಡ್ರಿಯಿಂದ
ಮೂರನೇ ತಾರೀಕು, ಗುರುವಾರ, ಮಧ್ಯಾಹ್ನದ ಊಟದ ಬಿಡುವು

ಪ್ರೀತಿಯ ಅಕ್ಕಾ,

ಕತ್ತುನೋವು ಹೇಗಿದೆ? ದಿನವಿಡೀ ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಊರಿನವರ ರಕ್ತವನ್ನೆಲ್ಲ ನೋಡುವ ನೀನು ನಿನ್ನ ಕತ್ತನ್ನು ಮಾತ್ರ ಯಾವ ಡಾಕ್ಟರಿಗೂ ತೋರಿಸುವುದಿಲ್ಲ ಎಂದು ನನಗೆ ಗೊತ್ತು. ಬಿಸಿನೀರಿನ ಚೀಲವನ್ನಾದರೂ ಇಟ್ಟುಕೋ. ಅಮ್ಮ ವಾಕರ್ ಹಿಡಿದು ಅಡುಗೆಮನೆಯ ಬಾಗಿಲವರೆಗೆ ಹೋದಳು ಎಂದಿದ್ದೆ. ಹೋಗಿ ಅಲ್ಲಿ ನಿಂತು ಏನು ಮಾಡಿದಳು? ಡಬ್ಬಿಗಳ ಮುಚ್ಚಳ ಸರಿಯಾಗಿ ಹಾಕಿಲ್ಲ ಎಂದು ನಿನ್ನನ್ನು ಬೈದಿರಬೇಕು. ಬೈದಿದ್ದರೆ ಒಳ್ಳೆಯದೇ, ಬೈಯುವ ಶಕ್ತಿ ಬಂದರೆ ನಡೆಯುವ ಶಕ್ತಿಯೂ ಬಂದಂತೆ. ಸೊಂಟದ ಮೂಳೆ ಕೂಡುವುದಕ್ಕೆ ಸಮಯ ಬೇಕು, ಅವಸರ ಮಾಡಬೇಡ ಎಂದು ಹೇಳು. ನನ್ನ ಆರೋಗ್ಯಕ್ಕೇನೂ ಆಗಿಲ್ಲ. ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳುವಂತಿದ್ದೇನೆ.

ಫೋನಿನಲ್ಲಿ ಮುಖ ನೋಡಿ ಮಾತಾಡುವ ಕಾಲದಲ್ಲಿ ಇವನಿಗೇನು ಕಾಗದ ಬರೆಯುವ ಹುಚ್ಚು ಹಿಡಿಯಿತು ಎಂದುಕೊಳ್ಳುತ್ತೀಯ. ನಾನು ಕೊನೆಯದಾಗಿ ಕೈಯಲ್ಲಿ ಬರೆದದ್ದು ಶಾಲೆಯ ರಜಾಚೀಟಿ. ಅದರಲ್ಲಿದ್ದ ಹೊಟ್ಟೆನೋವೂ ಸುಳ್ಳೇ. ಈ ಸಲ ಸುಳ್ಳು ಹೇಳಬಾರದೆಂದೇ ಬರೆಯುತ್ತಿದ್ದೇನೆ, ಫೋನಿನಲ್ಲಿ ಅದು ನನ್ನ ಕೈಲಾಗುತ್ತಿಲ್ಲ. ನಿನ್ನ ದನಿ ಕೇಳಿದ ಕೂಡಲೇ ನನ್ನ ಬಾಯಿ ತಾನಾಗಿಯೇ ಎಲ್ಲವೂ ಚೆನ್ನಾಗಿದೆ ಎಂದುಬಿಡುತ್ತದೆ.

ಇಲ್ಲಿಂದ ಮನೆಗೆ ಫೋನ್ ಮಾಡುವುದು ಹೇಗೆ ಎಂದು ನಿನಗೆ ನಾನು ಸರಿಯಾಗಿ ಹೇಳಿಯೇ ಇಲ್ಲ. ಮೇಲಿನ ಅಂತಸ್ತುಗಳಲ್ಲಿರುವ ಪ್ರವಾಸಿಗಳದ್ದು ಬೇರೆಯೇ ಲೋಕ. ಲಾಂಡ್ರಿ ಇರುವುದು ಹಡಗಿನ ತಳದಲ್ಲಿ, ಕಿಟಕಿಯೂ ಇಲ್ಲ, ಸಮುದ್ರವೂ ಕಾಣುವುದಿಲ್ಲ. ಹಡಗಿನ ಕೆಲಸ ಎಂದರೆ ದಿನಾ ಸಮುದ್ರ ನೋಡುತ್ತೇನೆ ಎಂದು ಅಮ್ಮ ತಿಳಿದಿದ್ದಾಳೆ, ನಾನು ನೋಡುವುದು ಹಾಸಿಗೆ ಬಟ್ಟೆ, ಟವೆಲು, ಮೇಜಿನ ಬಟ್ಟೆ. ನಮಗೆ ನೆಟ್ ಕಾರ್ಡ್ ಎಂದು ಕೊಡುತ್ತಾರೆ, ಇಷ್ಟು ನಿಮಿಷ ಎಂದು ಲೆಕ್ಕ. ಹಡಗು ದಡ ಬಿಟ್ಟ ಮೇಲೆ ಎಲ್ಲ ಉಪಗ್ರಹದ ದಯೆ. ನಾನು ಊಟ ಆಯ್ತಾ ಎಂದರೆ ಎರಡು ಸೆಕೆಂಡ್ ಬಿಟ್ಟು ನಿನಗೆ ಕೇಳುತ್ತದೆ, ನಿನ್ನ ಉತ್ತರ ಇನ್ನೆರಡು ಸೆಕೆಂಡ್ ಬಿಟ್ಟು ಬರುತ್ತದೆ. ಅಷ್ಟರಲ್ಲಿ ನಾನು ಇನ್ನೊಂದು ಪ್ರಶ್ನೆ ಕೇಳಿರುತ್ತೇನೆ. ನೀನು ಅಮ್ಮನಿಗೆ ನೋವು ಹೆಚ್ಚು ಎಂದದ್ದಕ್ಕೆ ನಾನು ಒಳ್ಳೆಯದಾಯಿತು ಎಂದದ್ದು ಹೀಗೆಯೇ. ಆ ದಿನ ನಕ್ಕೆವಲ್ಲ. ಸಿಗ್ನಲ್ ಚೆನ್ನಾಗಿರುವ ಜಾಗಗಳೂ ಎರಡೋ ಮೂರೋ ಇವೆ. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಅಡುಗೆಯವರು, ಬಡಿಸುವವರು, ಕೋಣೆ ಗುಡಿಸುವವರು ಎಲ್ಲ ಭುಜಕ್ಕೆ ಭುಜ ತಾಗಿಸಿ ನಿಂತು ತಮ್ಮ ತಮ್ಮ ಮನೆಗೆ ಮಾತಾಡುತ್ತಾರೆ. ಒಬ್ಬ ಅಳುತ್ತಿದ್ದರೆ ಪಕ್ಕದವನು ಗೋಡೆಯ ಕಡೆ ತಿರುಗುತ್ತಾನೆ. ಅದು ಇಲ್ಲಿಯ ಮರ್ಯಾದೆ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಈ ಹಡಗಿನಲ್ಲಿ ಒಂದು ವಿದ್ಯೆ ಇದೆ, ಬೊಂಬೆಯಾಗುವುದು ಎನ್ನುತ್ತಾರೆ. ನನಗೆ ಕಲಿಸಿದವನು ಬ್ರೆಡ್ ಮಾಡುವ ಬೇಕರಿಯವನು, ನಮ್ಮ ಮಾತು ಆಡುವವನು ಇಡೀ ಹಡಗಿನಲ್ಲಿ ಅವನೊಬ್ಬನೇ. ಮನೆಯವರು ಉತ್ತರ ಕೊಡಲಾಗದ ಪ್ರಶ್ನೆ ಕೇಳಿದಾಗ ಅಲ್ಲಾಡದೆ ಕೂತುಬಿಡಬೇಕು. ನೆಟ್ ಸಿಕ್ಕಿಹಾಕಿಕೊಂಡು ಚಿತ್ರ ನಿಂತಿದೆ ಎಂದು ಅವರು ತಿಳಿಯುತ್ತಾರೆ. ಸ್ವಲ್ಪ ಹೊತ್ತು ಹಲೋ ಹಲೋ ಎಂದು ಇಟ್ಟುಬಿಡುತ್ತಾರೆ. "ಬಾಯಿ ಅರ್ಧ ತೆಗೆದಿರ್ಬೇಕು, ಒಂದು ರೆಪ್ಪೆ ಇಳಿಬಿಡು, ಕ್ಯಾಮೆರಾ ನೋಡ್ಬೇಡ. ಚೆಂದ ಕಾಣಬಾರದು ನೋಡು, ಚೆಂದ ಕಂಡ್ರೆ ಅನುಮಾನ ಬರುತ್ತೆ" ಎಂದು ಅವನು ಹಿಟ್ಟಿನ ಕೈಯಲ್ಲೇ ಪಾಠ ಹೇಳಿಕೊಟ್ಟ. ಮೊದಲು ತಮಾಷೆಗೆ ಮಾಡಿದೆ. ನಾನು ಕೂದಲು ಕತ್ತರಿಸಿಕೊಂಡ ಬಗ್ಗೆ ನೀನು ಅರ್ಧ ಗಂಟೆ ಉಪದೇಶ ಶುರು ಮಾಡಿದ ದಿನ ನೆನಪಿದೆಯಾ? ಅದು ಬೊಂಬೆ. ಆಸ್ಪತ್ರೆಯವರು ಅಮ್ಮನಿಗೆ ಮತ್ತೊಂದು ಎಕ್ಸ್‌ರೇ ಬೇಕೆಂದರು, ಏನು ಮಾಡಲಿ ಎಂದು ನೀನು ಕೇಳಿದ್ದು? ಅದೂ ಬೊಂಬೆಯೇ. ನೀನೇ ತೀರ್ಮಾನ ಮಾಡಿ, ನೀನೇ ರಜೆ ಹಾಕಿ, ನೀನೇ ಕರೆದುಕೊಂಡು ಹೋದೆ. ಮರುದಿನ ನಾನು ನೆಟ್ಟಿಗೆ ಎರಡು ಬೈದು ನಿನ್ನನ್ನು ಸಮಾಧಾನ ಮಾಡಿದೆ.

ಕಳೆದ ತಿಂಗಳು ನೀನು ಕೇಳಿದ್ದು ಅಂಥ ಪ್ರಶ್ನೆಯಲ್ಲ. ರಕ್ತನಿಧಿಯ ತರಬೇತಿಗೆ ಮೂರನೇ ಸಲ ನಿನ್ನ ಹೆಸರು ಬಂದಿದೆ, ಆರು ತಿಂಗಳು ಬೇರೆ ಊರಿನಲ್ಲಿರಬೇಕು, ಮುಗಿಸಿ ಬಂದರೆ ಆ ವಿಭಾಗ ನಿನ್ನ ಕೈಗೆ ಬರುತ್ತದೆ ಎಂದೆ. ಮೊದಲ ಸಲ ಅಪ್ಪನ ಕಾಯಿಲೆ ಎಂದು ಬೇಡವೆಂದೆ. ಎರಡನೇ ಸಲ ನಾನು ಹಡಗಿಗೆ ಹೊರಟಿದ್ದೆ, ಅಮ್ಮ ಒಬ್ಬಳೇ ಆಗುತ್ತಾಳೆ ಎಂದು ಬಿಟ್ಟೆ. ನಾಲ್ಕನೇ ಸಲ ಯಾರೂ ಕೇಳುವುದಿಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು. "ಆರು ತಿಂಗಳು ಬಂದು ಅಮ್ಮನ ಜೊತೆ ಇರ್ತೀಯಾ? ಇಲ್ಲ ಅಂದ್ರೆ ಇಲ್ಲ ಅನ್ನು, ನಾನೇನೂ ಅಂದ್ಕೊಳಲ್ಲ. ಮುಂದಿನ ತಿಂಗಳ ಕೊನೆಯೊಳಗೆ ಅವರಿಗೆ ಹೇಳ್ಬೇಕು ಅಷ್ಟೇ" ಎಂದೆ. ಒಂದು ಮಾತಿನ ಉತ್ತರ ಸಾಕಿತ್ತು. ನಾನು ಬಾಯಿ ಅರ್ಧ ತೆಗೆದು ಒಂದು ರೆಪ್ಪೆ ಇಳಿಬಿಟ್ಟೆ.

ಆ ದಿನ ಮೆಟ್ಟಿಲ ಕೆಳಗೆ ಜನ ಹೆಚ್ಚೆಂದು ಲಾಂಡ್ರಿಯಲ್ಲಿ ಬಟ್ಟೆಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಿದ್ದೆ. ನನ್ನ ಬೆನ್ನ ಹಿಂದೆಯೇ ಡ್ರೈಯರ್ ಇತ್ತು. ಬಟ್ಟೆ ಒಣಗಿಸುವ, ಗಾಜಿನ ಬಾಗಿಲಿನ, ಆಳೆತ್ತರದ ಯಂತ್ರ. ನಾನು ಕಲ್ಲಿನ ಹಾಗೆ ಕೂತಿದ್ದೇನೆ, ಹಿಂದೆ ಬಿಳಿ ಟವೆಲುಗಳು ದುಡುಬುಡು ಎಂದು ತಿರುಗುತ್ತಿವೆ! ದಿನಕ್ಕೆ ಹನ್ನೆರಡು ಗಂಟೆ ಆ ಸದ್ದಿನಲ್ಲೇ ಇರುವವನಿಗೆ ಅದು ಸದ್ದೆಂದೇ ಅನಿಸುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಬೇರೆ ಯಾವ ಕೆಲಸದವನಾಗಿದ್ದರೂ ಈ ತಪ್ಪು ಮಾಡುತ್ತಿರಲಿಲ್ಲ. ನೀನು ಒಂದು ಸಲ ಹಲೋ ಎಂದೆ. ಆಮೇಲೆ ನನ್ನ ಮುಖ ಬಿಟ್ಟು ನನ್ನ ಭುಜದ ಮೇಲಿಂದ ಆಚೆ ನೋಡಿದೆ. ನಿನ್ನ ಕಣ್ಣು ನಿಧಾನವಾಗಿ ಸುತ್ತು ಹಾಕುತ್ತಿತ್ತು. ಯಾಕೆ ಹೀಗೆ ನೋಡುತ್ತಿದ್ದಾಳೆ ಎಂದು ಯೋಚಿಸುವಾಗ ಬೆನ್ನ ಹಿಂದಿನ ಟವೆಲುಗಳು ನೆನಪಾದವು. ಆಗಲಾದರೂ ನಕ್ಕುಬಿಡಬಹುದಿತ್ತು. ಸಿಕ್ಕಿಬಿದ್ದೆ ಅಕ್ಕಾ ಎನ್ನಬಹುದಿತ್ತು. ಗೊತ್ತಾಗಿದೆ ಎಂದು ಗೊತ್ತಾದ ಮೇಲೂ ನಾನು ಅಲ್ಲಾಡಲಿಲ್ಲ.

ಅಷ್ಟರಲ್ಲಿ ಅಮ್ಮ ಫೋನನ್ನು ತನ್ನ ಕಡೆ ಎಳೆದುಕೊಂಡಳು. "ಪಾಪ, ಎಷ್ಟು ಸೊರಗಿದಾನೆ ನೋಡೇ. ಗಾಜಿನ ಮೇಲೆ ಧೂಳು ಕೂತಿದೆ, ಅದಕ್ಕೇ ನಿಂತುಹೋಗಿದೆಯೋ ಏನೋ" ಎಂದು ಸೆರಗಿನಿಂದ ಒರೆಸಿದಳು. ಅಕ್ಕಾ, ಅವಳು ನನ್ನ ಹಣೆ ಒರೆಸಿದಳು, ಕೆನ್ನೆ ಒರೆಸಿದಳು, ಬಾಯಿ ಒರೆಸಿದಳು. ನಾನು ಉಸಿರು ಕಟ್ಟಿಕೊಂಡು ಕೂತಿದ್ದೆ. ಆಗ ನೀನು ಹಿಂದಿನಿಂದ ಹೇಳಿದೆ, "ಬಿಡಮ್ಮ, ಕಟ್ ಆಗಿದೆ. ಸಮುದ್ರ ಅಲ್ವಾ, ಪಾಪ ಅವನೇನು ಮಾಡ್ತಾನೆ." ಅಷ್ಟು ಹೇಳಿ ಫೋನ್ ಇಟ್ಟೆ. ನನಗಾಗಿ ನೀನು ಅಮ್ಮನಿಗೆ ಸುಳ್ಳು ಹೇಳಿದೆ. ಚಿಕ್ಕಂದಿನಿಂದ ನನ್ನ ತಪ್ಪುಗಳನ್ನೆಲ್ಲ ಮುಚ್ಚಿದ್ದೀಯ, ಆದರೆ ಆಗೆಲ್ಲ ಅಮ್ಮ ಆಚೆ ಹೋದ ಮೇಲೆ ನನ್ನ ಕಿವಿ ಹಿಂಡುತ್ತಿದ್ದೆ. ಈ ಸಲ ಅದೂ ಮಾಡಲಿಲ್ಲ.

ನಿಜ ಏನೆಂದರೆ ನೀನು ಕೇಳುವ ಹತ್ತು ದಿನ ಮೊದಲೇ ನಾನು ಇನ್ನಾರು ತಿಂಗಳು ಇರುತ್ತೇನೆಂದು ಸಹಿ ಹಾಕಿದ್ದೆ. ಇಸ್ತ್ರಿ ವಿಭಾಗದ ಮೇಸ್ತ್ರಿ ಮಾಡುತ್ತೇವೆ ಎಂದಿದ್ದರು. ಆದರೆ ಸಹಿ ಹಾಕಿದ್ದು ಅದಕ್ಕಲ್ಲ. ನನಗೆ ಮನೆಗೆ ಬರಲು ಭಯ. ಅಮ್ಮ ಬಿದ್ದ ಹೊಸದರಲ್ಲಿ ನಾನು ರಜೆಯಲ್ಲಿದ್ದೆನಲ್ಲ, ಅವಳನ್ನು ನೀನು ಎತ್ತಿ ಕೂರಿಸುವಾಗ ಅವಳು ಕೂಗಿದ್ದು ನನಗೆ ತಡೆಯಲಾಗಲಿಲ್ಲ. ನೀನು ಒಂದು ಕೈ ಹಿಡಿ ಬಾ ಎಂದು ಕರೆದೆ, ನಾನು ಬಾಗಿಲ ಹೊರಗೆ ನಿಂತು ಚಪ್ಪಲಿ ಹುಡುಕುತ್ತಿರುವಂತೆ ಮಾಡಿದೆ. ಮಾತ್ರೆ ತರಲು ಹೋಗಿ ಎರಡು ಗಂಟೆ ಬಿಟ್ಟು ಬಂದೆ, ಅಂಗಡಿ ಮುಚ್ಚಿತ್ತು ಎಂದೆ. ಅಂಗಡಿ ತೆರೆದೇ ಇತ್ತು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೆ. ಕೆಲಸ ಎಂದರೆ ಮಾಯ, ತಟ್ಟೆ ಸದ್ದಾದರೆ ಹಾಜರು ಎಂದು ನೀನು ನನ್ನನ್ನು ಬೆಕ್ಕು ಎಂದು ಕರೆಯುತ್ತಿದ್ದೆ. ಅದು ಮುದ್ದಿನ ಹೆಸರೆಂದೇ ತಿಳಿದಿದ್ದೆ. ಹೆತ್ತ ತಾಯಿಗೆ ಸ್ನಾನ ಮಾಡಿಸಬೇಕಲ್ಲ ಎಂದು ಸಮುದ್ರದ ನಡುವೆ ಬಂದು ಅವಿತುಕೊಂಡವನು ನಾನು. ಇಲ್ಲಿ ಕಂಡವರ ಹಾಸಿಗೆ ಬಟ್ಟೆಯ ಕಲೆ ತೆಗೆಯಲು ನನಗೆ ಯಾವ ಅಸಹ್ಯವೂ ಇಲ್ಲ. ಇದನ್ನು ಬರೆಯುವಾಗ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸುತ್ತಿದೆ.

ಅದಾದ ಮೇಲೆ ಎರಡು ಸಲ ಮಾತಾಡಿದ್ದೇವೆ. ಎರಡು ಸಲವೂ ನೀನು ನನ್ನನ್ನು ಏನೂ ಕೇಳಲಿಲ್ಲ. ಬಿಸಿಲು ಹೆಚ್ಚು ಎಂದೆ, ನಲ್ಲಿ ಸರಿ ಮಾಡಿಸಿದೆ ಎಂದೆ. ಊಟ ಆಯ್ತಾ ಎಂದೂ ಕೇಳಲಿಲ್ಲ. ನೀನು ಬೈದಿದ್ದರೆ ನಾನು ಜಗಳವಾಡಿ ಮರೆತುಬಿಡುತ್ತಿದ್ದೆ. ಮೊನ್ನೆ ಬೇಕರಿಯವನ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವನು ಹಿಟ್ಟು ನಾದುತ್ತಲೇ, "ಒಳ್ಳೇದೇ ಆಯ್ತಲ್ಲ. ನಮ್ಮನೇಲೂ ಮೊದಮೊದಲು ಕೇಳ್ತಿದ್ರು, ಯಾವಾಗ ಬರ್ತೀಯ, ಏನು ಮಾಡೋಣ ಅಂತ. ಈಗ ಕೇಳೋದೇ ಬಿಟ್ಟಿದಾರೆ. ಮಗಳ ಮದುವೆ ನಿಶ್ಚಯ ಮಾಡಿದ್ದನ್ನೂ ಎಲ್ಲ ಮುಗಿದ ಮೇಲೇ ಹೇಳಿದ್ರು. ಆರಾಮ" ಎಂದ. ಆರಾಮ ಎಂದವನು ಆಮೇಲೆ ಹಿಟ್ಟನ್ನು ಬೇಕಾದ್ದಕ್ಕಿಂತ ಹೆಚ್ಚು ನಾದಿದ. ನಾನು ಅಲ್ಲಿಂದ ನೇರವಾಗಿ ನಮ್ಮ ಕೆಲಸಗಾರರ ಕಚೇರಿಗೆ ಹೋದೆ. ಅಲ್ಲಿಯ ಅಧಿಕಾರಿ ಹೆಂಗಸು ಸಹಿ ಹಾಕಿದ ಮೇಲೆ ಹಿಂದೆಗೆಯುವುದು ಕಷ್ಟ, ಕಾರಣ ಬರೆದುಕೊಡು ಎಂದರು. ತಾಯಿಗೆ ಹುಷಾರಿಲ್ಲ ಎಂದು ಬರೆಯಲು ಹೊರಟಾಗ ಕೈ ತಡೆಯಿತು. ಅದು ಮತ್ತೆ ಅಮ್ಮನ ಹೆಸರಿನಲ್ಲಿ ನಾನು ಮಾಡುವ ನಾಟಕ ಅನಿಸಿತು. ನನ್ನ ಅಕ್ಕ ಕೆಲಸದ ತರಬೇತಿಗೆ ಹೋಗಬೇಕು, ಮನೆಯಲ್ಲಿರುವ ಸರದಿ ನನ್ನದು ಎಂದು ಬರೆದೆ. ಅವರು ಎರಡು ಸಲ ಓದಿ, ಇಂಥ ಕಾರಣ ಇದುವರೆಗೆ ಯಾರೂ ಬರೆದಿಲ್ಲ, ಗುರುವಾರ ಬಾ ಎಂದರು. ಇವತ್ತು ಗುರುವಾರ.

ಈ ಕಾಗದವನ್ನು ಅಮ್ಮನಿಗೆ ಓದಿ ಹೇಳಬೇಡ. ಬಂದು ನಾನೇ ಹೇಳುತ್ತೇನೆ. ನೀನು ನನ್ನನ್ನು ಕ್ಷಮಿಸಬೇಕೆಂದು ಕೇಳುವುದಿಲ್ಲ. ಹೇಳಿ ಕೇಳಿ ಅಕ್ಕ, ಕೇಳಿದರೆ ಕ್ಷಮಿಸಿಬಿಡುತ್ತೀಯ, ಅದು ನನಗೆ ಸುಲಭದ ದಾರಿ. ಊಟದ ಬಿಡುವು ಮುಗಿಯಿತು, ಗಂಟೆ ಹೊಡೆದರು. ಅಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದೇನೆ ಎಂದು ತಿಳಿಸು. ನಿನಗೂ ನಮಸ್ಕಾರ, ತಲೆ ತಗ್ಗಿಸಿ.

ನಿನ್ನ ತಮ್ಮ

ಮತ್ತೊಂದು ಮಾತು: ಕಚೇರಿಯಿಂದ ಈಗಷ್ಟೇ ಓಡಿ ಬಂದೆ, ಅಂಚೆಚೀಲ ಕಟ್ಟುತ್ತಿದ್ದಾರೆ. ಒಪ್ಪಿದ್ದಾರೆ. ಮೇಸ್ತ್ರಿ ಕೆಲಸ ಬೇರೆಯವನಿಗೆ ಹೋಯಿತು, ಹೋಗಲಿ. ಇಪ್ಪತ್ತಾರಕ್ಕೆ ಹಡಗು ಇಳಿದು ಇಪ್ಪತ್ತೆಂಟಕ್ಕೆ ಮನೆಯಲ್ಲಿರುತ್ತೇನೆ. ಕಾಗದ ಸಿಕ್ಕಿದ ದಿನವೇ ತರಬೇತಿಗೆ ಬರುತ್ತೇನೆಂದು ಅವರಿಗೆ ಹೇಳಿಬಿಡು. ನಿನಗೆ ಎರಡು ದಿನ ಸಿಗುತ್ತದೆ, ಅಮ್ಮನನ್ನು ಹೇಗೆ ಎತ್ತಬೇಕು, ಹೇಗೆ ತೊಳೆಯಬೇಕು, ಎಲ್ಲ ನನ್ನ ಕೈ ಹಿಡಿದು ಮಾಡಿಸು. ಮೂರನೇ ದಿನ ನೀನು ಚೀಲ ಎತ್ತಿಕೊಂಡಾಗ ನಾನು ಖಂಡಿತ ಗೋಗರೆಯುತ್ತೇನೆ, ಇನ್ನೊಂದು ವಾರ ಇರು ಅಕ್ಕಾ, ನನ್ನ ಕೈಲಾಗಲ್ಲ ಎನ್ನುತ್ತೇನೆ. ಅತ್ತರೂ ಅಳುತ್ತೇನೆ. ನನ್ನನ್ನು ನಾನು ಬಲ್ಲೆ. ನನ್ನ ಮಾತು ಕೇಳಬೇಡ, ಬಸ್ ಹತ್ತಿಬಿಡು.