ಗೋಡೆಯ ಕಡೆಗೆ ಅಂಟಿನ ಗೆರೆ

12 ಜನವರಿ 1998, ಸಂಜೆ

ಮೈದಾ ಅಂಟು ಇವತ್ತೂ ಗಂಟುಗಂಟು. ಅಂಟು ಕಾಯಿಸುವುದು ಗೆಳೆಯ ಮೋಹನನ ಕೆಲಸವಾಗಿತ್ತು. ಬಿದಿರು ಸೀಳಿ ಬಟ್ಟೆ ಸುತ್ತುವುದು ನನ್ನದು. ಹೇಗೋ ದೀಪದ ಶೇಡು ಮುಗಿಸಿದೆ.

ಆಮೇಲೆ ಅದನ್ನು ಬಾಗಿಲಿನ ಎದುರುಗೋಡೆಗೆ ತೂಗುಹಾಕುವ ಕೆಲಸ. ಬೋರ್ಡಿಲ್ಲದ ಅಂಗಡಿಗೆ ಅದೇ ಬೋರ್ಡು. ದೀಪ ಹತ್ತಿದರೆ ಬಟ್ಟೆ ಕೂಡಿಸಿದ ಅಂಟಿನ ಗೆರೆ ಕಪ್ಪಗೆ ಕಾಣುತ್ತದೆ. ಅದು ಗೋಡೆಯ ಕಡೆಗೇ ಇರಬೇಕು. ಹತ್ತಿರದಿಂದ ಗೊತ್ತಾಗುವುದಿಲ್ಲ, ರಸ್ತೆಗೇ ಹೋಗಿ ನೋಡಬೇಕು. ಕೈಬಿಟ್ಟರೆ ವೈರು ತಿರುಚಿಕೊಂಡು ಶೇಡೂ ತಿರುಗಿಬಿಡುತ್ತದೆ. ಮೋಹನ ಒಳಗೆ ಹಿಡಿದುಕೊಳ್ಳುತ್ತಿದ್ದ, ನಾನು ರಸ್ತೆಯಲ್ಲಿ ನಿಲ್ಲುತ್ತಿದ್ದೆ. ಇವತ್ತು ನಾನೇ ಹಿಡಿದೆ, ನಾನೇ ಓಡಿದೆ. ಒಳಗೆ, ಆಚೆ, ಮತ್ತೆ ಒಳಗೆ. ಎದುರುಮನೆಯ ನಾಯಿ ಬೊಗಳಿತು.

ಅವನು ಕಡಕೊಳದ ಫ್ಯಾಕ್ಟರಿಗೆ ಸೇರಿ ಒಂದು ವಾರ. "ಒಂದೊರ್ಷ ನೋಡ್ತೀನಿ ಕಣೋ ಮಹದೇವು. ಪರ್ಮನೆಂಟ್ ಮಾಡ್ಲಿಲ್ಲ ಅಂದ್ರೆ ಬಂದ್ಬುಡ್ತೀನಿ" ಎಂದು ಹೇಳಿ ಹೋದ.

ದೇವರಲ್ಲಿ ಏನೆಂದು ಬೇಡಿಕೊಳ್ಳಲಿ? ತಿಳಿಯಲಿಲ್ಲ.

20 ಜನವರಿ

ಇಬ್ಬರು ಹೆಂಗಸರು ಬಂದಿದ್ದರು. "ಇದರ ಬೆಳಕು ಕಣ್ಣು ಚುಚ್ಚೋದಿಲ್ವೇನ್ರೀ?" ಎಂದರು ಒಬ್ಬರು. ಒಳಗಡೆ ಇನ್ನೊಂದು ಪದರ ಮಲ್ ಬಟ್ಟೆ ಇದೆ, ಚುಚ್ಚುವುದಿಲ್ಲ. ಇಷ್ಟು ಹೇಳಬೇಕಿತ್ತು. ತಲೆ ಆಡಿಸಿದೆ.

"ಪಾಪ, ಮೂಗ ಅನ್ಸುತ್ತೆ" ಎಂದು ಇನ್ನೊಬ್ಬರು ಮೆಲ್ಲಗೆ ಹೇಳಿದರು. ಹೋದರು.

ಮಾತು ಯಾವಾಗಲೂ ಮೋಹನನದು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಎದ್ದು ನಿಲ್ಲಿಸಿದರೆ ನನ್ನ ಉತ್ತರವನ್ನೂ ಅವನೇ ಹೇಳುತ್ತಿದ್ದ.

8 ಫೆಬ್ರವರಿ, ಭಾನುವಾರ

ಮೋಹನ ಬಂದ! ಬಂದವನೇ ಅಂಗಿ ಬಿಚ್ಚಿ ಮೊಳೆಗೆ ಹಾಕಿ ಶೇಡು ಹಿಡಿದ. ನಾನು ರಸ್ತೆಗೆ ಓಡಿದೆ.

"ಎತ್ಲಾಗೋ?"

ಕೈ ಎಡಕ್ಕೆ ಆಡಿಸಿದೆ.

"ಬಾಯಿ ಬುಡೋ! ನೀನು ಟ್ರಾಫಿಕ್ ಪೊಲೀಸಾ? ನಾನು ದೀಪ ನೋಡ್ಲಾ, ನಿನ್ ಕೈ ನೋಡ್ಲಾ?"

ನಕ್ಕೆವು. ಬಸ್ಸಿಗೆ ಹೊತ್ತಾಯಿತೆಂದು ಬೇಗ ಹೊರಟ. ಆಮೇಲೆ ಅಂಗಡಿ ಖಾಲಿಖಾಲಿ, ದೊಡ್ಡದಾದ ಹಾಗೆ.

10 ಏಪ್ರಿಲ್

ಕೆಟ್ಟೆ.

ಪಾರ್ವತಮ್ಮನವರ ನಡುಮನೆಯ ಶೇಡು ಜಾಲರಿಯಾಗಿದೆ. ಅವರ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಅಂಗಡಿ. ಲಕ್ಷ್ಮೀಪುರಂನಲ್ಲಿ ಇಷ್ಟು ಕಡಿಮೆ ಬಾಡಿಗೆಗೆ ಬೇರೆ ಯಾರು ಕೊಡುತ್ತಾರೆ? ಯುಗಾದಿಗೆಂದು ಪ್ರೀತಿಯಿಂದ ಮಾಡಿಕೊಟ್ಟಿದ್ದೆ.

"ಏನಪ್ಪಾ ಮಹದೇವು, ನಿನ್ನ ದೀಪ ಜಿರಲೆಗೆ ನೈವೇದ್ಯ ಆಯ್ತಲ್ಲ!"

ಅಂಟಿಗೆ ಮೈಲುತುತ್ತ ಬೆರೆಸಿಲ್ಲ. ಬೆರೆಸಿದರೆ ಹುಳ ಮುಟ್ಟುವುದಿಲ್ಲ. ಗೊತ್ತಿಲ್ಲದೆ ಅಲ್ಲ. ಮೋಹನ ಕಟ್ಟಿಟ್ಟ ಪೊಟ್ಟಣ ಮೊಳೆಯಲ್ಲೇ ತೂಗುತ್ತಿದೆ. ದಿನಾ ನೋಡುತ್ತೇನೆ. ಅದು ಅವನ ಕೆಲಸ, ಅವನು ಬಂದು ಬಿಚ್ಚುತ್ತಾನೆ ಎಂದು ಬಿಟ್ಟಿದ್ದೆ.

ಜನವರಿಯಿಂದ ಮಾರಿದ ಎಲ್ಲ ದೀಪಗಳೂ ಹೀಗೇ. ಒಂದೊಂದು ಮನೆಗೂ ಹೋಗಿ ಹೇಳಬೇಕು.

16 ಏಪ್ರಿಲ್

ಪೊಟ್ಟಣ ಮುಟ್ಟಲಿಲ್ಲ. ಹೊಸ ಮೈಲುತುತ್ತ ತಂದು ಬೆರೆಸಿ ಹೊಸ ಶೇಡು ಮಾಡಿದೆ. ಮೊದಲ ಮನೆಯ ಗೇಟಿನ ಹತ್ತಿರ ನಿಂತೆ. ಒಳಗಿನಿಂದ "ಯಾರೂ?" ಎಂದರು. ಗೇಟಿಗೆ ಶೇಡು ಸಿಕ್ಕಿಸಿ ಓಡಿ ಬಂದೆ.

29 ಏಪ್ರಿಲ್

ಎಲ್ಲ ಮನೆಗಳಿಗೂ ಹಾಗೇ ಮಾಡಿದೆ. ಸುದ್ದಿ ಪಾರ್ವತಮ್ಮನವರ ಕಿವಿಗೆ ಬಿದ್ದಿದೆ. "ಕಳ್ಳರು ಎತ್ಕೊಂಡು ಓಡೋದು ಕೇಳಿದೀನಿ. ಇಟ್ಟು ಓಡೋ ಕಳ್ಳನ್ನ ಇವತ್ತೇ ಕಂಡಿದ್ದು ಕಣಪ್ಪ!"

ಅವರ ಶೇಡು ಮಾತ್ರ ಇನ್ನೂ ಮಾಡಿಲ್ಲ. ಗೇಟಿಗೆ ಸಿಕ್ಕಿಸಿ ಓಡುವ ಹಾಗಿಲ್ಲ.

2 ಅಕ್ಟೋಬರ್

ಬಹಳ ದಿನ ಬರೆದಿಲ್ಲ. ಬರೆಯಲು ಏನಿತ್ತು... ಮೋಹನನಿಗೆ ಭಾನುವಾರವೂ ಓವರ್‌ಟೈಮ್ ಕೆಲಸವಂತೆ.

ನಿನ್ನೆ ವಿಜಯದಶಮಿ. ಒಬ್ಬನೇ ಬನ್ನಿಮಂಟಪಕ್ಕೆ ಹೋದೆ. ಹೋದ ವರ್ಷ ಅವನ ಭುಜ ಹಿಡಿದು ಪಂಜಿನ ಕವಾಯತು ನೋಡಿದ್ದೆ. ಮುಗಿದು ಜನ ಹೊರಗೆ ಬರುವಾಗ ಕಂಡ. ನಾಲ್ಕಾರು ಗೆಳೆಯರ ಜೊತೆ ನಗುತ್ತಾ. ಕೂಗಿದ್ದರೆ ಕೇಳುವಷ್ಟು ಹತ್ತಿರ. ಕೈ ಎತ್ತಿದೆ. ಅಷ್ಟು ಕೈಗಳಲ್ಲಿ ನನ್ನದು ಯಾವುದೆಂದು ಅವನಿಗೆ ಹೇಗೆ ತಿಳಿಯಬೇಕು?

ನಡೆದೇ ಮನೆಗೆ ಬಂದೆ.

15 ನವೆಂಬರ್, ಭಾನುವಾರ

ಮೋಹನ ಖಾರಾಬೂಂದಿ ತಂದ. ಪರ್ಮನೆಂಟ್ ಆಯಿತು.

"ನೀನೂ ಬಂದ್ಬುಡೋ. ಪ್ಯಾಕಿಂಗಿಗೆ ಜನ ಬೇಕಂತೆ. ಮಿಷನ್ ಸದ್ದಲ್ಲಿ ಯಾರೂ ಮಾತಾಡಂಗಿಲ್ಲ. ನಿನಗೇ ಮಾಡ್ಸಿದಂಗದೆ!"

ಅವನ ಜೊತೆ, ಮಾತಿಲ್ಲದ ಕೆಲಸ. ಇನ್ನೇನು ಬೇಕು? ಹೂಂ ಎನ್ನಲಿಲ್ಲ. ಏಕೆಂದು ನನಗೂ ಗೊತ್ತಿಲ್ಲ. ಡಿಸೆಂಬರ್ ಕೊನೆಗೆ ಬಂದು ಕೇಳುತ್ತಾನಂತೆ.

ಬಾಗಿಲಲ್ಲಿ ನಿಂತಿದ್ದ ಪಾರ್ವತಮ್ಮನವರಿಗೆ ಎಲ್ಲ ಕೇಳಿಸಿದೆ. ಅವನು ಹೋದ ಮೇಲೆ ಹೇಳಿದರು— "ಝೆರಾಕ್ಸ್ ಅಂಗಡಿಯವನು ಈ ರೂಮು ಕೇಳ್ತಿದಾನೆ. ಇರ್ತೀಯೋ, ಹೋಗ್ತೀಯೋ? ವರ್ಷ ಮುಗಿಯೋದ್ರೊಳಗೆ ಬಾಯಿಬಿಟ್ಟು ಹೇಳ್ಬೇಕು. ತಲೆ ಆಡಿಸೋದು ಲೆಕ್ಕಕ್ಕಿಲ್ಲ."

26 ಡಿಸೆಂಬರ್, ಶನಿವಾರ

ಬೆಳಿಗ್ಗೆ ಮೊಳೆಯ ಪೊಟ್ಟಣ ಬಿಚ್ಚಿದೆ. ದಾರ ಮೋಹನ ಹಾಕಿದ ಗಂಟಿನಲ್ಲೇ ಇತ್ತು. ಬಿಚ್ಚಲು ಬರಲಿಲ್ಲ, ಹಲ್ಲಿನಿಂದ ಕಡಿದೆ. ಅಂಟು ತಿಳಿನೀಲಿಯಾಯಿತು. ಪಾರ್ವತಮ್ಮನವರ ಶೇಡು ಮಾಡಿದೆ. ಕೊಡುವ ಮೊದಲು ಸಂಜೆ ಅಂಗಡಿಯ ಗೋಡೆಗೇ ತೂಗುಹಾಕಿ, ಎಂದಿನಂತೆ ಒಳಗೆ ಆಚೆ ಓಡುತ್ತಿದ್ದಾಗ ಅವರೇ ಬಂದರು.

"ಇದೇನಪ್ಪಾ, ಕುಂಟಾಬಿಲ್ಲೆ ಆಡ್ತಿದೀಯಾ? ಸರಿ ಆಚೆ. ನಾನು ಹಿಡ್ಕೋತೀನಿ. ಮುಸ್ಸಂಜೆ ಆದ್ರೆ ನನ್ನ ಕಣ್ಣಿಗೆ ರಸ್ತೆ ಕಾಣೋದಿಲ್ಲ, ಹೇಳಿರ್ತೀನಿ."

ರಸ್ತೆಗೆ ಹೋದೆ. ಕಪ್ಪು ಗೆರೆ ನೇರ ನನ್ನ ಕಡೆಗೇ. ಸೊಪ್ಪಿನ ಗಾಡಿ ನಿಂತಿತ್ತು, ನಾಲ್ಕಾರು ಹೆಂಗಸರಿದ್ದರು.

"ಎತ್ಲಾಗಪ್ಪಾ?"

ಕೈ ಎತ್ತಿದೆ. ಇಳಿಸಿದೆ.

"ಎಡಕ್ಕೆ" ಎಂದೆ. ನನಗೇ ಕೇಳಿಸಲಿಲ್ಲ.

"ಕೈ ನೋಯ್ತದೆ ಕಣೋ!"

"ಎಡಕ್ಕೆ! ಅಮ್ಮಾ, ಎಡಕ್ಕೇ! ಇನ್ನೊಂಚೂರು!"

ಸೊಪ್ಪಿನವನು ತಿರುಗಿ ನೋಡಿದ. ನಾಯಿ ಎದ್ದು ನಿಂತಿತು. ಗೆರೆ ಮೆಲ್ಲಗೆ ಸರಿದು ಗೋಡೆಯ ಕಡೆಗೆ ಹೋಯಿತು. ವೈರು ಕಟ್ಟಿ, ಪಾರ್ವತಮ್ಮನವರು ದೀಪಕ್ಕೆ ಕೈಮುಗಿದರು. ಒಳಗಿನಿಂದಲೇ ಕೂಗಿದರು— "ಝೆರಾಕ್ಸಿನವನಿಗೆ ಏನು ಹೇಳ್ಲಿ?"

"ಇರ್ತೀನಿ ಅಮ್ಮಾ!"

ರಸ್ತೆಗೆಲ್ಲ ಕೇಳಿಸಿತು. ದೀಪವನ್ನು ನೋಡುತ್ತಾ ಅಲ್ಲೇ ನಿಂತಿದ್ದೆ. ಚೆನ್ನಾಗಿಯೇ ಮಾಡಿದ್ದೇನೆ.

ನಾಳೆ ಭಾನುವಾರ. ಮೋಹನ ಬರುತ್ತಾನೆ. ಅವನಿಗೂ ಹೇಳಬೇಕು. ಎದುರಿಗೇ ಕೂತಿರುತ್ತಾನೆ, ಕೂಗುವುದೇನೂ ಬೇಕಾಗಿಲ್ಲ. ಆದರೂ ಅದೇ ಹೆಚ್ಚು ಕಷ್ಟ...