ಡೆಟ್ರಾಯಿಟ್‌ನ ಕಾಡುಕೋಳಿ

೨೭-೮-೭೮, ಭಾನುವಾರ

ಸ್ನಾನ, ಸಂಧ್ಯೆ, ಎರಡು ಇಡ್ಲಿ. ತುಮಕೂರಿನಿಂದ ಹತ್ತರ ಬಸ್ಸಿಗೆ ಗುಬ್ಬಿ. ತಂಗಿ ಕೌಸಲ್ಯ ಹೇಳಿ ಕಳಿಸಿದ್ದಳು — ಅವಳ ದೊಡ್ಡ ಮಗಳು ಅಂಬುಜ ಅಮೆರಿಕದ ಡೆಟ್ರಾಯಿಟ್‌ನಿಂದ ಕಲರ್ ಫೋಟೊ ಕಳಿಸಿದ್ದಾಳೆ. ಅಂಬುಜಳ ಮೈದುನ ಸುಬ್ಬಕೃಷ್ಣನಿಗೂ ಕೌಸಲ್ಯಳ ಚಿಕ್ಕ ಮಗಳು ಪದ್ಮಳಿಗೂ ಮಾತುಕತೆ ನಡೆದಿದೆ. ಅಣ್ಣ ತಮ್ಮ ಅಲ್ಲಿ ಒಂದೇ ಮನೆಯಲ್ಲಿದ್ದಾರೆ. ಜಾತಕ ಕೂಡಿದೆ. ಹುಡುಗನ ಮನೆ ನೋಡುವ ಶಾಸ್ತ್ರ ಬಾಕಿ. ಅಷ್ಟು ದೂರ ಹೋಗುವವರಾರು... ಫೋಟೊದಲ್ಲೇ ನೋಡುವುದೆಂದು ಆಗಿತ್ತು.

ನೋಡಿದೆವು. ಸೊಂಟದೆತ್ತರ ಹುಲ್ಲು. ನಡುವೆ ಅಂಬುಜ. ಹಿಂದೆ ಸೂರು ಕುಸಿದ ಮರದ ಮನೆ. ಮೂಲೆಯಲ್ಲಿ ಉದ್ದ ಬಾಲದ ಕಾಡುಕೋಳಿ.

“ಇದೇನಣ್ಣಾ, ದೊಡ್ಡ ಸಿಟಿ ಅಂದಿದ್ರು! ಬೆಳ್ಳಾವಿ ಕಡೆ ಬೀಳು ಇದ್ದಂಗಿದೆಯಲ್ಲ!” ಎಂದಳು ಕೌಸಲ್ಯ.

ಅವಳ ಗಂಡ ನರಸಿಂಹಯ್ಯ: “ಸಿಟೀಲಿ ಎಲ್ಲಾದ್ರೂ ಕಾಡುಕೋಳಿ ಓಡಾಡುತ್ತಾ? ಸುಳ್ಳು ಹೇಳಿದಾರೆ ಭಾವ. ಒಬ್ಬಳನ್ನ ಕಾಡಿಗೆ ಕೊಟ್ಟಿದ್ದು ಸಾಕು.”

ಪದ್ಮ ಕಾಫಿ ತಂದಳು. “ನಿಮ್ಮ ಮನೆ ಹಿಂದೇನೇ ರಾಗಿ ಹೊಲ ಇದೆಯಲ್ಲ ಮಾವ. ಅದು ತುಮಕೂರಲ್ವಾ?”

“ಒಳಗೆ ಹೋಗೇ. ಬಂದ್ಲು ಲಾಯರು!” ಎಂದು ತಾಯಿ ಗದರಿದಳು.

ನಾನು ಕಾಫಿ ಕುಡಿದೆ.

೨೯-೮, ಮಂಗಳವಾರ

ಅಂಬುಜಳಿಗೆ ಏರ್‌ಲೆಟರ್ ಹಾಕಿದೆ — ನಿನ್ನ ಮನೆ ಊರೊಳಗೋ ಹೊರಗೋ, ಸ್ಪಷ್ಟವಾಗಿ ಬರಿ. ಉತ್ತರಕ್ಕೆ ತಿಂಗಳಾಗುತ್ತದೆ. ಹುಡುಗನ ತಾಯಿ ಅಲಮೇಲಮ್ಮ ಕುಣಿಗಲ್‌ನಲ್ಲಿ ಕಾಯುತ್ತಿದ್ದಾರೆ.

೧-೯, ಶುಕ್ರವಾರ

ನರಸಿಂಹಯ್ಯ ಬಂದು ಕೂತ. “ಈ ಸಂಬಂಧ ಬೇಡ ಅಂತ ಇವತ್ತೇ ಕುಣಿಗಲ್‌ಗೆ ಬರೆದುಬಿಡಿ ಭಾವ. ನಿಮ್ಮ ಕಾಗದ ಅಂದ್ರೆ ಒಂದು ಗೌರವ.”

ನೆಂಟರಿಷ್ಟರ ಕಾಗದಗಳೆಲ್ಲ ನನ್ನವೇ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಕಾಗದ ಬರೆದೇ ಬರವಣಿಗೆ ಕಲಿತೆ. ಜಾತಕ ಕೂಡಲಿಲ್ಲ ಎಂದು ಬರೆಯುವುದು ವಾಡಿಕೆ, ಯಾರಿಗೂ ನೋವಿಲ್ಲ. ಇಲ್ಲಿ ಕೂಡಿಬಿಟ್ಟಿದೆ. ಕಾಡುಕೋಳಿ ಎಂದು ಬರೆಯಲಾಗುತ್ತದೆಯೇ? ಹುಡುಗಿಗೆ ಇಷ್ಟವಿಲ್ಲ ಎಂದು ಬರೆದೆ. ಸಲೀಸಾಗಿ ಬಂತು. ಡಬ್ಬಕ್ಕೆ ಹಾಕಿದೆ. ಊಟ ಮಾಡಿ ಮಲಗಿದೆ.

೨೨-೯, ಶುಕ್ರವಾರ

ಅಂಬುಜಳ ಉತ್ತರ. ನಡೂ ಊರಂತೆ. ಮುಂದುಗಡೆ ಬಸ್ ಸ್ಟಾಪು. ಹತ್ತು ನಿಮಿಷ ಹೋದರೆ ನಲವತ್ತು ಅಂತಸ್ತಿನ ಕಟ್ಟಡ. ಜನ ಮನೆ ಬಿಟ್ಟು ಹೋಗಿ, ಬೀದಿಗೆ ಬೀದಿಯೇ ಖಾಲಿಯಾಗಿ, ಅಲ್ಲೆಲ್ಲ ಹುಲ್ಲು. ಇವಳು ಅಲ್ಲೇ ಒಂದು ಮಡಿ ಅವರೆ ಹಾಕಿದ್ದಾಳೆ.

“ದೊಡ್ಡ ಕಟ್ಟಡದ ಮುಂದೆ ನಿಂತ್ಕೋ ಅಂದರು ಇವರು. ಪದ್ಮ ಹೆದರುತ್ತಾಳೆ, ನಮ್ಮ ಕಡೆ ಥರಾನೇ ಕಾಣಲಿ ಅಂತ ನಾನೇ ಹುಲ್ಲಲ್ಲಿ ನಿಂತೆ ಮಾವ.”

ಎರಡು ಸಲ ಓದಿದೆ. ಏನೂ ಅನ್ನಿಸಲಿಲ್ಲ. ಹಾಲಿಗೆ ಹೆಪ್ಪು ಹಾಕಿದೆ.

೨೪-೯, ಭಾನುವಾರ

ಗುಬ್ಬಿ. ಓದಿ ಹೇಳಿದೆ. ಕೌಸಲ್ಯ ಅತ್ತಳು.

“ಹಂಗಾದ್ರೆ ಕುಣಿಗಲ್‌ಗೆ ಇನ್ನೊಂದು ಕಾಗದ ಬರೀರಿ ಭಾವ. ಏನಾಗುತ್ತೆ?” ಎಂದ ನರಸಿಂಹಯ್ಯ.

ಪದ್ಮ ಒಳಗಿಂದ ಕಾರ್ಡು ತಂದು ನನ್ನ ಕೈಗಿಟ್ಟಳು. “ನಿನ್ನೆ ಬಂತು.” ಅಲಮೇಲಮ್ಮನವರದು. ಹುಡುಗಿಗೇ ಇಷ್ಟವಿಲ್ಲದ ಮೇಲೆ ಬಲವಂತ ಮಾಡುವುದು ಸರಿಯಲ್ಲ. ಹುಡುಗನಿಗೆ ಬೇರೆ ಕಡೆ ನಿಶ್ಚಯವಾಗಿದೆ.

“ಇಷ್ಟ ಇಲ್ಲ ಅಂತ ನಾನ್ಯಾವಾಗ ಅಂದೆ ಮಾವ?”

ಐದರ ಬಸ್ಸಿದೆ ಎಂದು ಎದ್ದೆ. ಆಗ ಗಂಟೆ ಮೂರೂವರೆ.

೧೧-೧೦, ಬುಧವಾರ

ಮೂರು ಏರ್‌ಲೆಟರ್ ಹರಿದೆ. ಮೊದಲು ಇಲ್ಲಿ ಬರೆದು ನೋಡುವುದು —

ಚಿ|| ಸೌ|| ಅಂಬುಜಳಿಗೆ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಪದ್ಮಳಿಗೆ ಇಷ್ಟವಿತ್ತು. ಇಲ್ಲವೆಂದು ಬರೆದವನು