ದೊರೆಸಾನಿ ಬರೆದ ‘ರೀ’

ಮಾರ್ಚ್ 3, ಮಧ್ಯಾಹ್ನ 1.20

ಬೆಳಗಿನಿಂದ ಹದಿನೆಂಟು ಜನ. ಒಂಬತ್ತು ಫೇಲ್. ಒಬ್ಬ ರಿವರ್ಸ್‌ನಲ್ಲಿ ಮೂರು ಕೋನ್ ಕೆಡವಿ ‘ಗಾಳಿ ಸರ್’ ಎಂದ. ಡ್ರೈವಿಂಗ್ ಟೆಸ್ಟ್ ಇನ್‌ಸ್ಪೆಕ್ಟರ್ ಬದುಕೇ ಇಷ್ಟು — ಇಡೀ ದಿನ ಸರ್, ಸರ್, ಸರ್. ಹದಿನಾಲ್ಕು ವರ್ಷದಲ್ಲಿ ಯಾರದ್ದೂ ಒಂದು ಟೀ ಕುಡಿದವನಲ್ಲ. ಕೈ ಶುದ್ಧ.

ಊಟದ ಹೊತ್ತಿಗೆ ದೊರೆಸಾನಿಯ ಮೆಸೇಜ್. ‘ಎಲ್ಲೋ ನನ್ನ ಕಪ್ಪ? ನಾಯಿ ಥರ ಕಾಯ್ಬೇಕಾ ನಾನು?’ ಐದು ಸಾವಿರ ಕಳಿಸಿದೆ. ಹೆಗಲ ಮೇಲಿನ ಮೂಟೆ ಇಳಿದ ಹಾಗಾಯಿತು.

ಆನ್‌ಲೈನ್‌ನಲ್ಲಿ ಸಿಕ್ಕವಳು. ಮುಖ ನೋಡಿಲ್ಲ, ದನಿ ಕೇಳಿಲ್ಲ. ಮುಟ್ಟುವ ಮಾತೇ ಇಲ್ಲ. ಆಕೆ ಬೈದು ಕೇಳುತ್ತಾಳೆ, ನಾನು ಕೊಡುತ್ತೇನೆ. ಸುಖ ಅಷ್ಟರಲ್ಲೇ ಇದೆ. ಹುಚ್ಚು ಎನ್ನಬಹುದು... ಎನ್ನುವವರಿಗೆ ಗೊತ್ತಾಗಬೇಕಲ್ಲ.

ಮಾರ್ಚ್ 4

ಮೊದಲ ದಿನವೇ ಕೇಳಿದ್ದಳು: ‘ನಿನ್ನದೇ ದುಡ್ಡಾ? ಹೆಂಡ್ತಿಗೆ ಗೊತ್ತಾ? ಇಲ್ಲಾಂದ್ರೆ ನಂಗೆ ಬೇಡ.’ ಎರಡಕ್ಕೂ ಹೌದು ಎಂದಿದ್ದೆ. ಎರಡೂ ಸುಳ್ಳು. ಹಣ ಇಬ್ಬರದ್ದು. ಹೆಂಡತಿ ಅಡುಗೆಮನೆ ಪಕ್ಕದ ಸಂದಿಯಲ್ಲಿ ಮಿಷನ್ ಇಟ್ಟುಕೊಂಡು ಪರದೆ, ಯೂನಿಫಾರ್ಮ್ ಹೊಲಿದು ಕೂಡಿಸಿದ್ದೂ ಅದರಲ್ಲಿದೆ. ಅವಳು ಹೊಲಿಗೆಗೆಂದು ಬಾಡಿಗೆಗೆ ಹಿಡಿಯಲಿರುವ ರಸ್ತೆ ತಿರುವಿನ ಅಂಗಡಿಗೆ ತಿಂಗಳ ಕೊನೆಗೆ ಅಡ್ವಾನ್ಸ್ ಕೊಡಬೇಕು. ಖಾತೆಯಲ್ಲಿ ಅರ್ಧವೂ ಉಳಿದಿಲ್ಲ. ಬ್ಯಾಂಕಿನ ಮೆಸೇಜ್ ಬರುವುದು ನನ್ನ ಫೋನಿಗೆ ಮಾತ್ರ.

ಮಾರ್ಚ್ 9, 1.10

‘ಯಾಕ್ರೀ ಇನ್ನೂ ಕಳಿಸಿಲ್ಲ?’

ಯಾಕ್ರೀ! ದೊರೆಸಾನಿಯಿಂದ! ಎಂಟು ತಿಂಗಳಲ್ಲಿ ‘ಲೋ’ ಬಿಟ್ಟರೆ ‘ನಾಯಿ’, ನಾಯಿ ಬಿಟ್ಟರೆ ‘ಲೋ’. ನೋಡುತ್ತಿದ್ದಂತೆ ಡಿಲೀಟ್ ಆಯಿತು. ಹಿಂದೆಯೇ — ‘ಲೋ, ಕಪ್ಪ ಕಳಿಸೋ.’

ಸರ್ ಎನ್ನದೆ ನನ್ನನ್ನು ‘ರೀ’ ಎನ್ನುವವಳು ಭೂಮಿಯ ಮೇಲೆ ಒಬ್ಬಳೇ. ಮನೆಯಲ್ಲಿದ್ದಾಳೆ. ಏನೋ ಇದೆ.

ಮಾರ್ಚ್ 10

ಅವಳನ್ನು ಗಮನಿಸುತ್ತಿದ್ದೇನೆ. ಸೂಜಿಗೆ ದಾರ ಪೋಣಿಸುತ್ತಾ ತನ್ನಷ್ಟಕ್ಕೆ ನಕ್ಕಳು. ಯಾಕೆ? ಫೋನು ಬೋರಲು ಇಟ್ಟಿದ್ದಾಳೆ. ಅದ್ಯಾಕೆ?

‘ಏನ್ರೀ ಹಂಗ್ ನೋಡ್ತೀರಾ, ನಂಗೂ ಟೆಸ್ಟಾ?’

ಮಾರ್ಚ್ 11, ಸಂಜೆ 6

ಟೆಸ್ಟ್ ಮಾಡಿಯೇ ಬಿಟ್ಟೆ. ಬಚ್ಚಲಿನಿಂದ ದೊರೆಸಾನಿಗೆ ಬರೆದೆ: ‘ಅಪ್ಪಣೆಯಾಗಲಿ.’ ಹೊರಗೆ ಹೆಂಡತಿಯ ಫೋನು ಟಣ್ ಎಂದಿತು! ಯಾರದು ಎಂದರೆ — ‘ಯೂನಿಫಾರ್ಮ್‌ನೋರು. ಗುಂಡಿ ಸಾಲ್ದಂತೆ.’ ಗುಂಡಿಯಂತೆ! ಹೀಗೆ ಪಟಕ್ಕನೆ ಉತ್ತರ ಕೊಡುವವರನ್ನು ನಾನು ಟ್ರ್ಯಾಕಿನಲ್ಲೂ ನಂಬುವುದಿಲ್ಲ.

ಮಾರ್ಚ್ 12

ದೊರೆಸಾನಿ ಅವಳೇ ಆಗಿದ್ದರೆ? ಮೊದಲು ಮೈ ಬೆವರಿತು. ಆಮೇಲೆ ಬೇರೆ ಥರ ಹೊಳೆಯಿತು. ಅವಳೇ ಆದರೆ ಹಣ ಎಲ್ಲೂ ಹೋಗಿಲ್ಲ. ಅಂಗಡಿಗೆಂದು ಎತ್ತಿಟ್ಟಿದ್ದಾಳೆ. ಕಪ್ಪ ಹೋಗುವ ಖಾತೆಯ ಹೆಸರು ಬೇರೆ, ನಿಜ; ಗೆಳತಿಯದ್ದಿರಬಹುದು. ‘ಹೆಂಡತಿಗೆ ಗೊತ್ತು’ ಎಂದದ್ದೂ ಸುಳ್ಳಲ್ಲ! ದೇವರೇ, ಅವಳೇ ಆಗಿರಲಿ. ಅನುಮಾನವನ್ನು ಇಷ್ಟು ಮುದ್ದಿನಿಂದ ಸಾಕಿದ್ದು ಇದೇ ಮೊದಲು.

ಮಾರ್ಚ್ 15, ಭಾನುವಾರ, ಬೆಳಿಗ್ಗೆ

ತಡೆಯಲಾಗಲಿಲ್ಲ. ಟೀ ಲೋಟ ಅವಳ ಮುಂದೆ ಹಿಡಿದು, ತಲೆ ಬಗ್ಗಿಸಿ, ನಗುತ್ತಾ ಕೇಳಿದೆ: ‘ದೊರೆಸಾನಿ, ಕಪ್ಪ ತಲುಪ್ತಾ?’

ಮಿಷನ್ ನಿಂತಿತು.

‘ಯಾವ ದೊರೆಸಾನಿ? ಏನ್ ಕಪ್ಪ?’

ಮುಖ ನೋಡಿದೆ. ಹನ್ನೆರಡು ವರ್ಷದಿಂದ ನೋಡುತ್ತಿರುವ ಮುಖ. ನಾಟಕ ಇರಲಿಲ್ಲ.

‘ಏನಿಲ್ಲ... ತಮಾಷೆ.’

‘ತಮಾಷೆ ಆದ್ರೆ ಲೋಟ ಯಾಕ್ರೀ ವಾಲ್ತಿದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ.’

ಟೀ ಅರ್ಧ ಚೆಲ್ಲಿತ್ತು. ಹೊಲಿದಿಟ್ಟ ಯೂನಿಫಾರ್ಮ್ ಮೇಲೆ.

ಅದೇ ದಿನ, 11.30, ಟೆರೇಸು

ದೊರೆಸಾನಿಯನ್ನೇ ಕೇಳಿದೆ. ಅವತ್ತು ರೀ ಎಂದದ್ದು ಯಾಕೆ, ತಾವು ಯಾರು, ನನ್ನ ಹೆಂಡತಿಗೇನೂ ಹೇಳಿಲ್ಲ ತಾನೇ?

‘ನನ್ನ ಗಂಡಂಗೆ ಬರೆದಿದ್ದು ಕೈತಪ್ಪಿ ನಿಂಗೆ ಬಂತು. ಕರೆಂಟ್ ಬಿಲ್ ದುಡ್ಡು. ನಮ್ಮನೆಯವ್ರಿಗೆ ಇದೆಲ್ಲಾ ಗೊತ್ತು. ನಿನ್ ಹೆಂಡ್ತಿಗೂ ಗೊತ್ತು ಅಂತ ನೀನೇ ಅಂದಿದ್ದೆ. ಗೊತ್ತಿದ್ರೆ ಈ ಹೆದ್ರಿಕೆ ಯಾಕೆ?’

‘ಅವಳಿಗೆ ಗೊತ್ತಿಲ್ಲ. ಹಣ ಇಬ್ಬರದ್ದು’ ಎಂದು ಬರೆದೆ. ಮತ್ತೆ ಬಂತು:

‘ಇಬ್ರೂ ಒಪ್ಪಿ ಆಡ್ತಿದೀವಿ ಅನ್ಕೊಂಡಿದ್ದೆ. ನೀವು ಮೂರನೇವ್ರ ದುಡ್ಡಲ್ಲಿ ಆಡಿದ್ರಿ. ಈ ತಿಂಗಳದ್ದು ವಾಪಸ್ ಹಾಕಿದೀನಿ. ಉಳಿದಿದ್ದು ಖರ್ಚಾಗಿದೆ. ಇನ್ನು ಮೆಸೇಜ್ ಮಾಡ್ಬೇಡಿ.’

ಮಾಡ್ಬೇಡಿ. ಈ ಸಲದ ಬಹುವಚನ ಕೈತಪ್ಪಿ ಬಂದದ್ದಲ್ಲ. ಬ್ಲಾಕ್.

ಹಾಗಂತ ಆಕೆ ಸಾಚಾನೇ? ಎಂಟು ತಿಂಗಳಲ್ಲಿ ಒಂದೇ ಸಲ ಕೇಳಿ ನಂಬಿಬಿಟ್ಟಳು. ನಂಬಿದರೆ ಲಾಭವಿತ್ತು. ...ನನಗೇನು ಬಾಯಿದೆ ಹೇಳಲು.

ಮಾರ್ಚ್ 18

ಹೆಂಡತಿ ತಾನೇ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಪ್ರಿಂಟ್ ಹಾಕಿಸಿ ತಂದಳು. ನಾಲ್ಕು ಪುಟ. ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ.

‘ಬೈಸ್ಕೊಳ್ಳೋದು ಇಷ್ಟ ಅಂತ ನನ್ ಹತ್ರ ಹೇಳ್ಬಹುದಿತ್ತಲ್ರೀ. ಒಂದಿನ ನಗ್ತಿದ್ದೆ. ಆಮೇಲೆ ಏನೋ ಮಾಡ್ತಿದ್ವಿ. ಆ ಆಸೆಗೆ ನಾನೇನೂ ಅನ್ನಲ್ಲ. ನನ್ನ ಅಂಗಡೀನ ಯಾರನ್ನ ಕೇಳಿ ಕೊಟ್ರಿ?’

ನಾಚಿಕೆಯಾಯಿತು — ಸುಖದ ನಾಚಿಕೆಯಲ್ಲ, ಬರೀ ನಾಚಿಕೆ.

ಮಾರ್ಚ್ 19, ಬೆಳಿಗ್ಗೆ 7.40

‘ಬಾರೋ ಇಲ್ಲಿ. ಕೂತ್ಕೋ’ ಎಂದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಇದೇ ಮಾತಿಗೆ ಎಂಟು ತಿಂಗಳು ಹಣ ಸುರಿದೆ. ಇವತ್ತು ಪುಕ್ಕಟೆ. ಮೂಟೆ ಇಳಿಯಲಿಲ್ಲ. ಅಳು ಬಂತು.

ಈ ನೋಟ್‌ಬುಕ್ ಅವಳೇ ಕಪಾಟಿನಿಂದ ತೆಗೆದು ಕೈಗೆ ಕೊಟ್ಟಳು. ಎಲ್ಲಿಡುತ್ತೇನೆಂದು ಗೊತ್ತಿತ್ತಂತೆ, ಓದಿರಲಿಲ್ಲವಂತೆ. ಎದುರಿಗೆ ಪಾಸ್‌ಬುಕ್ ಬಿಡಿಸಿ ಕೂತಿದ್ದಾಳೆ. ನಾನು ಹಣ ಕಳಿಸಿದ ಒಂದೊಂದು ದಿನಕ್ಕೂ ಅವತ್ತು ತಾನು ಏನು ಹೊಲಿದೆ ಎಂದು ಹೇಳುತ್ತಾಳೆ. ನಾನು ಬರೆದುಕೊಳ್ಳಬೇಕು.

‘ಬರ್ಕೋ. ಜುಲೈ ಆರು. ಹದಿನಾಲ್ಕು ಪರದೆ. ಅವತ್ತು ನಂಗೆ ಜ್ವರ ಇತ್ತು.’